ಬೆಳ್ಳಿಗೆ ಕೊಟ್ಟ ಬಿಸಿಲು

ಬೆಳ್ಳಿ ಹಗ್ಗ ಜಗ್ಗಿಕೊಂಡು ಗೋಡೆಯ ನೆರಳಿಗೆ ಸರಿದಾಗಲೆಲ್ಲ ಮೈಲಮ್ಮ ಆ ಬಿಳಿ ಕುರಿಯನ್ನು ಮತ್ತೆ ಅಂಗಳದ ಬಿಸಿಲಿಗೆ ಎಳೆದು ತರುತ್ತಿದ್ದಳು. "ಕಳ್ಳಿ! ಔಷಧ ಅಂದ್ರ ಯಾರಿಗೆ ಸೇರತೈತಿ? ಬಾ, ಇಲ್ಲೇ ಕುಂದ್ರು" ಎಂದು ಗದರಿ, ಗದರಿದ ಕೈಯಿಂದಲೇ ಬೆನ್ನು ಸವರುತ್ತಿದ್ದಳು. ತಾಯಿ ಸತ್ತ ಮರಿಯನ್ನು ಬಾಟಲಿ ಹಾಲು ಕುಡಿಸಿ ಸಾಕಿದವಳು ಅವಳು. ಈಗ ಅದು ಚೊಚ್ಚಲ ಗಬ್ಬ.

ಕುರಿಯ ಕಣ್ಣು ಹಳದಿಯಾದಾಗ ಅವಳೇನೂ ಹೆದರಿರಲಿಲ್ಲ. ಹೆರಿಗೆಗೆ ಬಂದ ಮಗಳು ಚಂದನಾಳ ಕೂಸಿಗೂ ಹೀಗೇ ಹಳದಿಯಾಗಿತ್ತು. ಕಾಮಾಲೆ, ಎಳೆ ಬಿಸಿಲಿಗೆ ಹಿಡಿಯಿರಿ ಎಂದು ದವಾಖಾನೆಯ ನರ್ಸು ಹೇಳಿದ್ದರು. ಹಿಡಿದ ಮೇಲೆ ಕೂಸಿನ ಕಣ್ಣು ತಿಳಿಯಾಗುತ್ತ ಬಂದಿತ್ತು. ಮೊಮ್ಮಗಳಿಗೆ ಆದದ್ದು ಬೆಳ್ಳಿಗೆ ಯಾಕೆ ಆಗಬಾರದು? ಕುರಿ ದೊಡ್ಡ ಜೀವ, ಅದಕ್ಕೆ ಎಳೆ ಬಿಸಿಲು ಎಲ್ಲಿ ಸಾಕಾಗುತ್ತದೆ, ಇಡೀ ಹಗಲು ಬೇಕು ಎಂದು ಮೈಲಮ್ಮ ತಾನೇ ತೀರ್ಮಾನಿಸಿದ್ದಳು. ಬೆಳ್ಳಿಯ ಜೊತೆಗೇ ಕಣ್ಣು ಹಳದಿಯಾಗಿದ್ದ ಕರಿ ಕುರಿಯನ್ನು ಮಾತ್ರ ಕೊಟ್ಟಿಗೆಯ ಕತ್ತಲಲ್ಲೇ ಬಿಟ್ಟಿದ್ದಳು. ಅದು ಹಾಯುವ ಕುರಿ. ಅದರ ಮೇಲೆ ಅವಳಿಗೆ ಅಷ್ಟೇನೂ ಜೀವವಿರಲಿಲ್ಲ.

ಬೆಳ್ಳಿಯ ಮೂತಿ ಬಾತು, ಕಿವಿ ಸುಟ್ಟ ಹಪ್ಪಳದ ಹಾಗೆ ಸುರುಟಿ, ಕಣ್ಣಿನ ಸುತ್ತ ತೊಗಲು ಕಿತ್ತು ಬಂತು. ಆಗ ಕೊಟ್ಟೂರಿನಿಂದ ಅವಳ ಊರು ಉಜ್ಜಿನಿಗೆ ದನದ ಡಾಕ್ಟರು ಬಸವೇಶ್ ಬಂದರು. ಕುರಿಯ ರೆಪ್ಪೆ ಬಿಡಿಸಿ ನೋಡಿ, "ಎಲ್ಲಿ ಮೇಯಿಸ್ತಿದ್ರಿ?" ಎಂದು ಕೇಳಿದರು.

"ಬಾಣಂತೀನ ಬಿಟ್ಟು ಗುಡ್ಡಕ್ಕ ಹೋಗಾಕ ಆಗಲಿಲ್ರಿ. ಹಿತ್ತಲ ಬೇಲಿ ಮಗ್ಗಲಾಗ ಕಟ್ಟಿ ಬರ್ತಿದ್ದೆ. ಲಂಟಾನ ಐತಲ್ರಿ ಅಲ್ಲಿ, ಈ ಬ್ಯಾಸಿಗ್ಯಾಗ ಅದೊಂದೇ ಹಸರು."

"ಬಿಸಿಲಿಗೆ ಯಾವಾಗಿಂದ ಕಟ್ಟೀರಿ?"

"ಕಣ್ಣು ಹಳದಿ ಆದಾಗಿಂದರಿ. ಒಂದು ದಿನಾನೂ ತಪ್ಪಿಸಿಲ್ರಿ" ಎಂದಳು ಮೈಲಮ್ಮ. ಅವಳ ದನಿಯಲ್ಲಿ ಸ್ವಲ್ಪ ಹೆಮ್ಮೆಯೇ ಇತ್ತು.

ಡಾಕ್ಟರು ಕುರಿಯ ಹಗ್ಗ ಬಿಚ್ಚಿದರು. ಅದು ಏಳಲಾರದೆ ಮೊಣಕಾಲೂರಿ ತೆವಳುತ್ತ ಗೋಡೆಯ ನೆರಳು ಸೇರಿ ಅಲ್ಲೇ ಕುಸಿಯಿತು.

"ಯವ್ವಾ, ಲಂಟಾನದ ನಂಜು ಲಿವರಿಗೆ ಹೊಡದೈತಿ. ಈ ನಂಜು ಏರಿದ ಮ್ಯಾಲೆ ಬಿಳೀ ತೊಗಲಿಗೆ ಬಿಸಿಲೇ ಬೆಂಕಿ ಆಗತೈತಿ. ಕತ್ತಲಾಗ ಇಡಬೇಕಿತ್ತು."

"ಕೂಸಿನ್ನ ಬಿಸಿಲಿಗೆ ಹಿಡೀರಿ ಅಂದಿದ್ರಲ್ರಿ..."

"ಕೂಸಿಂದು ಬ್ಯಾರೆ, ಇದು ಬ್ಯಾರೆ." ಅವರು ಕೊಟ್ಟಿಗೆಗೆ ಹೋಗಿ ಕರಿ ಕುರಿಯನ್ನೂ ಮುಟ್ಟಿ ನೋಡಿ ಬಂದರು. "ಅದು ಬದುಕತೈತಿ."

ಮೈಲಮ್ಮ ಬೆಳ್ಳಿಯ ಮುಂದೆ ಕುಕ್ಕರಿಸಿದಳು. ಹಗ್ಗ ಹಿಡಿದ ತನ್ನ ಕೈಯನ್ನು ಕಡಿದು ಒಗೆಯಬೇಕು ಎನ್ನುವಷ್ಟು ಸಂಕಟವಾಯಿತು ಅವಳಿಗೆ. "ದಿನಾ ನೆರಳಿಗೆ ಓಡ್ತಿತ್ತರಿ ಇದು. ದಿನಾ ನನಗ ಹೇಳ್ತಿತ್ತರಿ. ನಾನೇ ಎಳಕೊಂಡು ಬರ್ತಿದ್ದೆ." ಡಾಕ್ಟರು ಸೂಜಿ ಹಾಕಿದರು. ಸಂಜೆಯ ಹೊತ್ತಿಗೆ ಬೆಳ್ಳಿ ಹೊಟ್ಟೆಯ ಮರಿಯ ಸಮೇತ ತಣ್ಣಗಾಯಿತು.

ಮರುದಿನ ಬೆಳಿಗ್ಗೆ ಚಂದನಾ ಎಂದಿನಂತೆ ಕೂಸಿನ ಬಟ್ಟೆ ಬಿಚ್ಚಿ, ತೊಡೆಯ ಮೇಲೆ ಹಾಕಿಕೊಂಡು ಕಟ್ಟೆಗೆ ಬಂದು ಕುಳಿತಳು. ಬಿಸಿಲು ಬಿದ್ದೊಡನೆ ಕೂಸು ಕಣ್ಣು ಕಿವುಚಿ, ಮುಖವನ್ನು ತಾಯಿಯ ಸೆರಗಿನ ಕಡೆಗೆ ತಿರುಗಿಸಿತು. ಕಸ ಹೊಡೆಯುತ್ತಿದ್ದ ಮೈಲಮ್ಮ ಕಸಬರಿಗೆ ಒಗೆದು ಓಡಿಬಂದು ಕೂಸಿಗೂ ಸೂರ್ಯನಿಗೂ ನಡುವೆ ನಿಂತುಬಿಟ್ಟಳು.

"ಅವ್ವಾ, ಸರಿ ಆಕಡೆ. ಕೂಸಿನ ಮ್ಯಾಲೆ ಬಿಸಿಲು ಬೀಳವಲ್ದು."

"ಗೊತ್ತೈತವ್ವ" ಎಂದಳು ಮೈಲಮ್ಮ. "ಕೂಸಿಂದು ಬ್ಯಾರೆ ಅಂತ ಡಾಕ್ಟರೂ ಹೇಳ್ಯಾರ."

ಹೇಳಿದಳೇ ಹೊರತು ನಿಂತಲ್ಲಿಂದ ಅಲುಗಲಿಲ್ಲ.