ನಡುನೆತ್ತಿ

ಆ ತಿಂಗಳಲ್ಲಿ ದೀಪದ ಕೆಳಗೆ ತಲೆ ಬಗ್ಗಿಸಿದ ಐದನೆಯ ಹುಡುಗ ಇವನು. ಲಿಫ್ಟ್ ರಿಪೇರಿ ಮಾಡುವವನು, ಇಪ್ಪತ್ತಾರರ ಪ್ರಾಯ. ಟೋಪಿ ತೆಗೆಯಲು ಎರಡು ಸಲ ಹೇಳಿಸಿಕೊಂಡ.

ಚರ್ಮವೈದ್ಯ ಅವನ ನಡುನೆತ್ತಿಯ ಅರವತ್ತರಷ್ಟು ಕೂದಲನ್ನು ಬೆರಳುಗಳ ನಡುವೆ ಹಿಡಿದು ಮೆಲ್ಲಗೆ ಎಳೆದ. ಆರಕ್ಕಿಂತ ಹೆಚ್ಚು ಕಿತ್ತು ಬಂದರೆ ಯೋಚಿಸಬೇಕು, ಬಂದದ್ದು ಒಂದು. ಭೂತಗನ್ನಡಿ ಇಟ್ಟು ನೋಡಿದ. ಬೋಳು ಶುರುವಾಗುವ ತಲೆಯಲ್ಲಿ ದಪ್ಪ ಕೂದಲಿನ ನಡುವೆ ನೂಲೆಳೆಯಂಥ ಸಣಕಲು ಕೂದಲು ಸಿಗುತ್ತದೆ. ಇಲ್ಲಿ ಎಲ್ಲವೂ ಒಂದೇ ದಪ್ಪ. ಅಪ್ಪನ ತಲೆ ಹೇಗೆ, ಸೋದರಮಾವನ ತಲೆ ಹೇಗೆ, ಈಚೆಗೆ ಜೋರು ಜ್ವರ ಬಂದಿತ್ತೇ, ಎಲ್ಲ ಕೇಳಿದ. ಹುಡುಕಿದರೂ ಕಾಯಿಲೆ ಸಿಗಲಿಲ್ಲ.

"ನಿಮಗೇನೂ ಆಗಿಲ್ಲ," ಎಂದ.

ಹುಡುಗನ ಮುಖ ಅರಳಲಿಲ್ಲ. ಫೋಟೋ ತೆಗೆದು ತೋರಿಸಿದರೆ, ದೀಪದ ಬೆಳಕಿಗೆ ಹಾಗೆ ಕಾಣುತ್ತಿದೆ ಎಂದ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತಾರೆ. ಇವನು ಪ್ರಮಾಣಿಸಿ ತೋರಿಸಿದರೂ ನಂಬುವವನಲ್ಲ. ನಡುನೆತ್ತಿ ಖಾಲಿಯಾಗುತ್ತಿದೆ ಎಂದು ಅವನಿಗೆ ಹೇಳಿದ್ದು ಪಕ್ಕದ ಬೀದಿಯ ಕ್ಷೌರಿಕರು. ಊರಿಗೆಲ್ಲ ಅವರು ಕತ್ತರಿ ಮಾಮ. ಹದಿನೈದು ವರ್ಷದಿಂದ ಅವರಿಗೇ ತಲೆ ಕೊಟ್ಟಿದ್ದಾನಂತೆ. ಅವರದು ಹದ್ದಿನ ಕಣ್ಣಂತೆ. ಮುಚ್ಚಿಡಬಾರದೆಂದು ಮದುವೆಯಾಗಬೇಕಿದ್ದ ಹುಡುಗಿಗೂ ವಿಷಯ ಹೇಳಿಬಿಟ್ಟಿದ್ದ. ಅವಳು ನಕ್ಕಿದ್ದಳು. ಆ ನಗು ತಾಳಲಾರದೆ ಮದುವೆಯನ್ನೇ ಮುಂದಕ್ಕೆ ಹಾಕಿದ್ದ.

"ಬೇಗ ತೋರಿಸ್ಕೋಪ್ಪಾ, ತಡವಾದ್ರೆ ಹೋದದ್ದು ವಾಪಸ್ ಬರಲ್ಲ ಅಂದ್ರು ಮಾಮ," ಎನ್ನುತ್ತ ಹುಡುಗ ಮತ್ತೆ ಟೋಪಿ ಹಾಕಿಕೊಂಡ.

ಐವರದ್ದೂ ಇದೇ ಮಾತು. ಐವರ ತಲೆಯೂ ಸೊಂಪಾಗಿತ್ತು. ಒಂಬತ್ತು ವರ್ಷದ ಓದು ಒಂದು ಕತ್ತರಿಯ ಮುಂದೆ ನಡೆಯುತ್ತಿರಲಿಲ್ಲ.

ವೈದ್ಯನಿಗೆ ರೇಗಿತು. ಹೆದರಿಸಿ ಎಣ್ಣೆ ಮಾರುವ ಕಸುಬು ಇದು, ಅನುಮಾನವೇ ಇಲ್ಲ. ವೈದ್ಯನ ಅಪ್ಪ ಇಪ್ಪತ್ತೇಳಕ್ಕೇ ಬೋಳಾಗಿ, ಕಂಡಕಂಡವರು ಕೊಟ್ಟ ಎಣ್ಣೆಯನ್ನೆಲ್ಲ ತಿಕ್ಕಿ, ಕೊನೆಗೆ ನಾಲ್ಕು ಜನ ಸೇರುವ ಕಡೆ ಹೋಗುವುದನ್ನೇ ಬಿಟ್ಟಿದ್ದರು. ಅವನು ಈ ವಿದ್ಯೆ ಹಿಡಿದದ್ದೇ ಆ ಸಂಕಟಕ್ಕೆ. ಕ್ಷೌರಿಕರ ಸಂಘಕ್ಕೆ ಒಂದು ದೂರು ಬರೆದ. ಅವನ ಕೈಬರಹ ಔಷಧಿ ಅಂಗಡಿಯವರಿಗಷ್ಟೇ ಅರ್ಥವಾಗುವಂಥದ್ದು, ಹಾಗಾಗಿ ಟೈಪು ಮಾಡಿಸಿದ. ದಪ್ಪ ಅಕ್ಷರ, ಹಾಳೆಯ ತುಂಬ, ಅಂಚಿನಿಂದ ಅಂಚಿಗೆ. ಕಳಿಸುವ ಮುಂಚೆ ಕಳ್ಳನನ್ನು ಮಾಲು ಸಮೇತ ಹಿಡಿಯಬೇಕಿತ್ತು. ಯಾವುದಕ್ಕೂ ಇರಲಿ ಎಂದು ನರ್ಸಿಗೆ ಭೂತಗನ್ನಡಿ ಕೊಟ್ಟು ತನ್ನ ನೆತ್ತಿ ತೋರಿಸಿದ.

"ಗರಿಕೆ ಬೆಳೆದ ಹಾಗಿದೆ ಸಾರ್," ಎಂದಳು ಆಕೆ.

ಮರುದಿನ ಬೆಳಿಗ್ಗೆ, ತಾನು ಯಾರೆಂದು ಹೇಳದೆ ಹೋಗಿ ಅಂಗಡಿಯ ಕುರ್ಚಿಯಲ್ಲಿ ಕೂತ.

ಕತ್ತರಿ ಮಾಮನಿಗೆ ಅರವತ್ತು ದಾಟಿತ್ತು. ಬಟ್ಟೆ ಹೊದಿಸುವ ಮುಂಚೆ ಗೋಡೆಯ ಕನ್ನಡಿಯ ನಡುಭಾಗವನ್ನು ಒರೆಸಿದರು. ಮತ್ತೊಮ್ಮೆ ಒರೆಸಿದರು. ಈ ವರ್ಷ ಮೂರು ಸಲ ಬಲ್ಬು ಬದಲಾಯಿಸಿದ್ದಾಯಿತು, ಈಗಿನ ಮಾಲೇ ಹೀಗೆ ಎಂದು ಗೊಣಗಿದರು. ಬಲ್ಬು ಕಣ್ಣು ಕುಕ್ಕುವಂತೆ ಉರಿಯುತ್ತಿತ್ತು. ಬೆಂಚಿನಲ್ಲಿ ಕಾಯುತ್ತಿದ್ದ ಗಿರಾಕಿಯೊಬ್ಬ ಅವರಿಗೆ ಪೇಪರು ಓದಿ ಹೇಳುತ್ತಿದ್ದ. ಶೆಲ್ಫಿನಲ್ಲಿ ಎಣ್ಣೆ ಬಾಟಲಿಗಳ ಸಾಲು, ಮುಚ್ಚಳಗಳ ಮೇಲೆ ಬೆರಳು ದಪ್ಪ ಧೂಳು. ವೈದ್ಯನಿಗೆ ಬಾಟಲಿ ಕಂಡಿತು, ಧೂಳು ಕಾಣಲಿಲ್ಲ.

ಕೈ ಮಾತ್ರ ಪಳಗಿದ್ದು. ಕಿವಿಯ ಸುತ್ತ, ಕತ್ತಿನ ಅಂಚು, ಎಲ್ಲ ಗೆರೆ ಎಳೆದಂತೆ ಬಂತು. ಕೋಳಿಯ ಹಾಗೆ ತಲೆ ಓರೆ ಮಾಡಿ ಮಾಡಿ ನೋಡುತ್ತಿದ್ದರು. ನೆತ್ತಿಗೆ ಬಂದಾಗ ಕತ್ತರಿ ನಿಂತಿತು.

"ಬೇಜಾರು ಮಾಡ್ಕೋಬೇಡಿ ಸಾರ್. ನಡುನೆತ್ತಿ ಖಾಲಿಯಾಗ್ತಿದೆ. ಕೈಗೇನೋ ದಟ್ಟವಾಗೇ ಸಿಗುತ್ತೆ. ಆದ್ರೆ ಕಣ್ಣಿಗೆ ಕಾಣೋದನ್ನ ಇಲ್ಲ ಅನ್ನೋಕಾಗುತ್ತಾ?"

ಹಿಂದಿನ ದಿನವಷ್ಟೇ ನರ್ಸು ನೋಡಿ ಹೇಳಿದ್ದರೂ ವೈದ್ಯನ ಕೈ ಬಟ್ಟೆಯಡಿಯಿಂದ ನೆತ್ತಿಗೆ ಹೋಯಿತು. ಅಪ್ಪನ ತಲೆ ಕಣ್ಣ ಮುಂದೆ ಬಂತು. ಅವನಿಗೆ ತನ್ನ ಮೇಲೆಯೇ ನಾಚಿಕೆಯಾಯಿತು, ನಾಚಿಕೆ ಸಿಟ್ಟಾಯಿತು. ಹಿಂದಿನಿಂದ ಕನ್ನಡಿ ಹಿಡಿದು ತೋರಿಸಿ ಎಂದ. ಕ್ಷೌರ ಮುಗಿದ ಮೇಲೆ ಎಲ್ಲ ಅಂಗಡಿಗಳಲ್ಲೂ ಹಿಡಿಯುವ ಆ ಕೈಗನ್ನಡಿಯನ್ನು ಮಾಮ ಹಿಡಿಯುವುದನ್ನೇ ಬಿಟ್ಟಿದ್ದರು. ಪಾಪ, ಹುಡುಗರು ನೋಡಿ ಸಂಕಟಪಡುತ್ತಾರೆ, ಅದಕ್ಕೇ ಎತ್ತಿಟ್ಟಿದ್ದೇನೆ ಎಂದರು.

"ಈಚೀಚೆಗೆ ಯಾರ ತಲೆ ನೋಡಿದ್ರೂ ಹೀಗೇ ಸಾರ್. ಏನು ಕಾಲ ಬಂತೋ." ಅವರ ದನಿ ಒಡೆದಿತ್ತು.

ಎಂಥ ನಾಟಕ, ಎಂದುಕೊಂಡ ವೈದ್ಯ. ಎದ್ದು ಬಟ್ಟೆ ಕಿತ್ತೆಸೆದ. ಜೇಬಿನಿಂದ ದೂರಿನ ಹಾಳೆ ತೆಗೆದು ಅವರ ಕೈಗೆ ತುರುಕಿದ. ತಾನು ಚರ್ಮದ ಡಾಕ್ಟರೆಂದೂ ಈ ಕಾಗದ ಇವತ್ತೇ ಸಂಘಕ್ಕೆ ಹೋಗುತ್ತದೆಂದೂ ಹೇಳಿ, ಓದಿ ಎಂದ. ಮಾಮ ನಲವತ್ತು ವರ್ಷ ದುಡಿದು ಗಳಿಸಿದ ಹೆಸರು ಅಷ್ಟಕ್ಕೇ ಮಣ್ಣುಪಾಲಾಗುವುದಿತ್ತು. ಬೆಂಚಿನ ಗಿರಾಕಿ ಪೇಪರು ಮಡಚಿಟ್ಟ.

ಮಾಮ ಹಾಳೆಯನ್ನು ಬಲ್ಬಿನ ಕೆಳಗೆ ಹಿಡಿದರು. ದೂರ ಒಯ್ದರು, ಹತ್ತಿರ ತಂದರು, ತಲೆ ಓರೆ ಮಾಡಿದರು. ಆಮೇಲೆ ಅಂಗಿಯ ತುದಿಯಿಂದ ಹಾಳೆಯ ನಡುಭಾಗವನ್ನು ಮೆಲ್ಲಗೆ ಒರೆಸಿದರು.

"ಸುತ್ತ ಅಂಚಿಗೆಲ್ಲ ಏನೋ ಬರೆದು, ನಡುವೆ ಯಾಕೆ ಸಾರ್ ಖಾಲಿ ಬಿಟ್ಟಿದೀರಿ?"