ಗಂಡಸಿನ ಕೈಗೆ ಕಾದ ಕುಂಬಳಕಾಯಿ

ಮೂರು ನಿಮಿಷದ ಓದು... ಸಿಹಿಯಾದ ಕಥೆ ಬೇಕಿದ್ದವರು ಇಲ್ಲಿಗೇ ಬಿಟ್ಟುಬಿಡಿ.

ಬೆಳಗಾವಿಯ ಡಿಸೆಂಬರ್ ಚಳಿ. ನಮ್ಮ ಪಕ್ಕದ ಮನೆಯ ನೀಲಗಂಗವ್ವನಿಗೆ ವಾರದಿಂದ ಜ್ವರ. ಗಂಜಿ ಕಂಡರೆ ಮುಖ ತಿರುಗಿಸುತ್ತಿದ್ದರು.

ಮಗ ಶಿವಪುತ್ರ ದೂರದ ಊರುಗಳಿಗೆ ಹೋಗುವ ಬಸ್ಸಿನ ಡ್ರೈವರ್. ಡ್ಯೂಟಿಗೆ ಹೋದರೆ ಮನೆಗೆ ಬರುವುದು ಮೂರನೇ ದಿನಕ್ಕೆ. ಮನೆಯಲ್ಲಿ ಸೊಸೆ ಶೈಲಾ ಒಬ್ಬಳೇ.

ಅವತ್ತು ಬೆಳಿಗ್ಗೆ ಮುದುಕಿ ತಾವಾಗಿಯೇ ಬಾಯಿಬಿಟ್ಟು ಕೇಳಿದರು...

"ಶೈಲಾ, ಕುಂಬಳಕಾಯಿ ಸೂಪ್ ಮಾಡಿ ಕೊಡವಾ. ಎರಡ ಮೆಣಸಿನಕಾಳ ಕುಟ್ಟಿ ಹಾಕು. ಬಿಸಿಬಿಸಿ ಅದೊಂದ ಕುಡೀಬೇಕ ಅನಸ್ತೈತಿ."

ಅಡುಗೆಮನೆಯಲ್ಲಿ ಇಡೀ ಸಿಹಿ ಕುಂಬಳಕಾಯಿ ಇತ್ತು. ಅರ್ಧ ಗಂಟೆಯ ಕೆಲಸ ಅಷ್ಟೇ.

ಆದರೆ ನಮ್ಮ ಕಡೆ ಒಂದು ಶಾಸ್ತ್ರ ಇದೆ. ಇಡೀ ಕುಂಬಳಕಾಯಿಗೆ ಮೊದಲು ಗಂಡಸು ಚಾಕು ಹಾಕಬೇಕು, ಆಮೇಲೆ ಹೆಂಗಸರು ಹೆಚ್ಚಬಹುದು. ಯಾಕೆ ಅಂತ ಕೇಳಬೇಡಿ, ನನಗೂ ಗೊತ್ತಿಲ್ಲ. ನಾನೂ ಪಾಲಿಸಿಕೊಂಡೇ ಬಂದವಳು.

ನಾಲ್ಕು ವರ್ಷದ ಹಿಂದೆ ಬೀಗರು ಊಟಕ್ಕೆ ಬಂದ ದಿನ, ಗಂಡ ಮನೆಯಲ್ಲಿಲ್ಲ ಅಂತ ಶೈಲಾ ತಾನೇ ಕುಂಬಳಕಾಯಿ ಹೆಚ್ಚಿದ್ದಳು.

ನೀಲಗಂಗವ್ವ ಆ ಹೋಳುಗಳನ್ನೆಲ್ಲ ತಿಪ್ಪೆಗೆ ಸುರಿದಿದ್ದರು. "ನನ್ನ ಮಗಗ ಕೇಡ ಬಯಸಾಕ ಬಂದಾಕಿ" ಅಂದಿದ್ದರು... ಶೈಲಾಳ ತಾಯಿಯ ಎದುರಿಗೇ.

ಶೈಲಾ ಅದನ್ನು ಮರೆತಿರಲಿಲ್ಲ.

"ಹೆಂಗಸರು ಮೊದಲ ಹೆಚ್ಚಬಾರದಲ್ರಿ ಅತ್ತಿ. ಅವರು ಬರಲಿ, ಮಾಡಿಕೊಡ್ತೀನಿ" ಅಂದಳು.

ಮುದುಕಿ ಮಗ್ಗುಲು ಬದಲಿಸಿ ಸೊಸೆಯ ಕಡೆ ತಿರುಗಿದರು.

"ಇರಲಿ ಬಿಡವಾ... ನೀನ ಹೆಚ್ಚು. ಏನೂ ಆಗೂದಿಲ್ಲ."

"ಬ್ಯಾಡ್ರಿ. ನಾಳೆ ಅವರಿಗೆ ಏನರ ಆದ್ರ ಮತ್ತ ನನ್ನ ತಲಿಮ್ಯಾಗ ಬರತೈತಿ."

ಒಂದು ಗೋಡೆ ಆಚೆ ನನ್ನ ಯಜಮಾನರು ಮನೆಯಲ್ಲೇ ಇದ್ದರು. ಕೂಗಿದ್ದರೆ ಬಂದು ಚಾಕು ಹಾಕಿ ಹೋಗುತ್ತಿದ್ದರು. ಶೈಲಾ ಕೂಗಲಿಲ್ಲ.

ಆಮೇಲೆ ನನ್ನ ಹತ್ತಿರ ಅವಳೇ ಹೇಳಿಕೊಂಡಳು... "ಅವತ್ತ ಖರೇನ ಮನಸಿಗಿ ತಂಪಾಗಿತ್ತರಿ ಅಕ್ಕಾ."

ಎರಡನೇ ದಿನ ಮುದುಕಿ ಕೇಳಿದರು. "ಶಿವಪುತ್ರ ಎಲ್ಲಿ ಅದಾನ? ಯಾವಾಗ ಬರತಾನ?" ಸೂಪ್ ಅಂತ ಮಾತ್ರ ಅನ್ನಲಿಲ್ಲ.

ಮೂರನೇ ದಿನ ಬೆಳಿಗ್ಗೆ ಶಿವಪುತ್ರ ಬಂದ. ಬ್ಯಾಗ್ ಇಳಿಸಿ, ಕೈ ತೊಳೆದು, ಕುಂಬಳಕಾಯಿಗೆ ಚಾಕು ಹಾಕಿದ.

ಶೈಲಾ ಬೆಳ್ಳುಳ್ಳಿ, ಶುಂಠಿ ಹಾಕಿ ಕುಕ್ಕರಿನಲ್ಲಿ ಎರಡು ಸೀಟಿ ಕೂಗಿಸಿದಳು. ನುಣ್ಣಗೆ ಕಡೆದು, ಮೆಣಸು ಉದುರಿಸಿ, ಮೇಲೊಂದು ಚಮಚ ತುಪ್ಪ ಬಿಟ್ಟಳು. ಮನಸ್ಸಿಟ್ಟೇ ಮಾಡಿದ್ದಳು ಪಾಪ...

ಬಟ್ಟಲು ಹಿಡಿದು ಒಳಗೆ ಹೋದಾಗ ಅತ್ತೆಯ ಬಾಯಿ ಒಂದು ಕಡೆ ಸೊಟ್ಟಗಾಗಿತ್ತು. ಕಣ್ಣು ಬಿಟ್ಟಿದ್ದರು. ಮಾತಿರಲಿಲ್ಲ.

ಲಕ್ವಾ ಹೊಡೆದಿತ್ತು.

"ನೀವು ಏನು ಕೊಟ್ಟಿದ್ದರೂ, ಬಿಟ್ಟಿದ್ದರೂ ಇದು ಆಗೋದೇ ಇತ್ತಮ್ಮ" ಅಂದರು ಆಸ್ಪತ್ರೆಯ ಡಾಕ್ಟರ್. ಶೈಲಾ ತಲೆಯಾಡಿಸಿದಳು. ನಂಬಿದಳೋ ಇಲ್ಲವೋ ನನಗೆ ಗೊತ್ತಿಲ್ಲ.

ಗಂಟಲಲ್ಲಿ ಏನೂ ಇಳಿಯುವಂತಿಲ್ಲ, ಇನ್ನು ಮೇಲೆ ಮೂಗಿಗೆ ಹಾಕಿದ ನಳಿಗೆಯಿಂದಲೇ ಎಲ್ಲ ಎಂದು ಹೇಳಿ ಮನೆಗೆ ಕಳಿಸಿದರು.

ಈಗ ಶೈಲಾ ದಿನವೂ ಆ ಸೂಪ್ ಮಾಡುತ್ತಾಳೆ. ಕುಂಬಳಕಾಯಿಗೆ ತಾನೇ ಚಾಕು ಹಾಕುತ್ತಾಳೆ. ಬೇಡ ಅನ್ನುವವರು ಯಾರೂ ಇಲ್ಲ.

ಮೆಣಸು ಹಾಕುವಂತಿಲ್ಲ. ಬಿಸಿ ಇರುವಂತಿಲ್ಲ. ಬಟ್ಟೆಯಲ್ಲಿ ಎರಡು ಸಲ ಸೋಸಿ, ಆರಿಸಿ, ಸ್ವಲ್ಪ ಸ್ವಲ್ಪವೇ ನಳಿಗೆಗೆ ಬಿಡುತ್ತಾಳೆ.

ನಿನ್ನೆ ನಾನು ಅಲ್ಲೇ ಕೂತಿದ್ದೆ. ಸುರಿಯುತ್ತಾ ಸುರಿಯುತ್ತಾ ಶೈಲಾ ಕೇಳಿಬಿಟ್ಟಳು...

"ಅತ್ತಿ, ಉಪ್ಪು ಸಾಕಾತೇನ್ರಿ?"

ಆ ನಾಲಿಗೆಗೆ ಒಂದು ಹನಿಯೂ ತಾಗಿರಲಿಲ್ಲ.

ಮುದುಕಿ ಸೊಸೆಯ ಮುಖವನ್ನೇ ನೋಡಿದರು. ಕಣ್ಣಿಂದ ನೀರು ಇಳಿದು ಕಿವಿಯ ಹತ್ತಿರ ದಿಂಬು ಒದ್ದೆಯಾಯಿತು.

ಶೈಲಾ ಅದನ್ನು ಸೆರಗಿನಿಂದ ಒರೆಸಿದಳು. ಬಟ್ಟಲಲ್ಲಿ ಉಳಿದಿದ್ದನ್ನೂ ನಳಿಗೆಗೆ ಬಿಟ್ಟಳು.

*

ಹಳೆಯ ಮಾತಿಗೆ ಉತ್ತರ ಕೊಡಲೇಬೇಕಿದ್ದರೆ ಕೊಡಿ, ಆದರೆ ಅವರು ಹಸಿದು ಕೇಳಿದ ದಿನ ಮಾತ್ರ ಬೇಡ.

ನಿಮ್ಮ ಮನೆಯಲ್ಲಿ ಇವತ್ತು ಯಾರು ಏನು ಕೇಳಿದರು... ನೀವು ಏನು ನೆಪ ಹೇಳಿದಿರಿ?