ಹಾಲಿನ ಕೈಗುಣ

ಬಣ್ಣದ ಕಾರ್ಖಾನೆಯ ಶೌಚಾಲಯದ ಮುಂದಿನ ಸಾಲು ಗೇಟಿನವರೆಗೂ ಬೆಳೆದಾಗ ಮ್ಯಾನೇಜರ್ ಕ್ಯಾಂಟೀನಿಗೆ ನುಗ್ಗಿದ. ಅದೇ ವಾರ ಕೆಲಸಕ್ಕೆ ಸೇರಿದ್ದ ಅಡುಗೆಯವಳು ಹಾಲಿನ ಹಂಡೆ ತೊಳೆಯುತ್ತಿದ್ದಳು.

"ಏನಮ್ಮಾ ಬೆರೆಸಿದೆ ಹಾಲಿಗೆ?"

"ಏನೂ ಇಲ್ಲ ಸಾರ್. ಡೈರಿಯಿಂದ ಬಂದಿದ್ದನ್ನ ಕಾಯಿಸಿ ಕೊಟ್ಟೆ, ಅಷ್ಟೇ."

"ಬಾಯ್ಮುಚ್ಚು! ಇವರೂ ಇಷ್ಟು ವರ್ಷ ಹಾಲು ಕೊಟ್ರು. ಒಬ್ಬನ ಹೊಟ್ಟೆನೂ ಗುರ್ ಅನ್ಲಿಲ್ಲ. ಕೈಗುಣ ಅಂದ್ರೆ ಅದು!"

'ಇವರು' ಎಂದರೆ ಹಳೆಯ ಅಡುಗೆಯವ. ಈಗ ಬಡ್ತಿ ಪಡೆದು ಕ್ಯಾಂಟೀನಿನ ಮೇಲ್ವಿಚಾರಕ. ಬಾಗಿಲ ಬಳಿ ಕೈಕಟ್ಟಿಕೊಂಡು ವಿನಯವೇ ಮೈವೆತ್ತಂತೆ ನಿಂತಿದ್ದ. ಮೂಗಿಗೊಂದು ಮಾಸ್ಕ್ ಕೊಡಿಸಲು ಕೈಬಾರದ ಕಂಪನಿ, ಬಣ್ಣದ ಪುಡಿ ನುಂಗುವ ಕೆಲಸಗಾರರಿಗೆ ದಿನಕ್ಕೊಂದು ದೊಡ್ಡ ಲೋಟ ಹಾಲು ಕುಡಿಸಿ ಪುಣ್ಯ ಕಟ್ಟಿಕೊಳ್ಳುತ್ತಿತ್ತು. ಆ ಪುಣ್ಯದ ಉಸ್ತುವಾರಿ ಈ ಮಹಾನುಭಾವನದಾಗಿತ್ತು.

ಕಂಪನಿಯ ಡಾಕ್ಟರ್ ಬಂದು ಲೋಟಗಳಲ್ಲಿ ಉಳಿದಿದ್ದ ಹಾಲನ್ನು ಪರೀಕ್ಷಿಸಿದರು.

"ಅಪ್ಪಟ ಹಾಲು. ಅದೇ ತೊಂದರೆ. ಹಾಲಲ್ಲಿ ಒಂಥರಾ ಸಕ್ಕರೆ ಇರುತ್ತೆ. ಅದನ್ನ ಒಡೆಯೋ ರಸ ಮಕ್ಕಳ ಕರುಳಲ್ಲಿ ಧಾರಾಳ. ದೊಡ್ಡವರಾದ್ಮೇಲೆ ಎಷ್ಟೋ ಜನಕ್ಕೆ ಕಮ್ಮಿಯಾಗುತ್ತೆ. ಸ್ವಲ್ಪ ಕುಡಿದ್ರೆ ಹೇಗೋ ನಡೆಯುತ್ತೆ. ಜಾಸ್ತಿಯಾದ್ರೆ ಅರಗದೆ ಕರುಳಲ್ಲೇ ಹುಳಿ ಬಂದು, ಹೊಟ್ಟೆ ಉಬ್ಬರಿಸಿ, ಆಮೇಲೆ ಓಟ."

"ಮತ್ತೆ ಇಷ್ಟು ವರ್ಷ ಅದೇ ಲೋಟದಲ್ಲಿ ಕುಡಿದು ಅರಗಿಸ್ಕೊಂಡ್ರಲ್ಲ?" ಎಂದು ಕೇಳಿದ ಮ್ಯಾನೇಜರ್, ಕೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ.

ಡಾಕ್ಟರ್ ಮೇಲ್ವಿಚಾರಕನನ್ನು ನೋಡಿದರು. ಅವನು ಫ್ಯಾನ್ ನೋಡಿದ. ಆಹಾ, ಹುಟ್ಟಿದಂದಿನಿಂದ ಫ್ಯಾನನ್ನೇ ಕಾಣದವನ ಹಾಗೆ ನೋಡಿದ! ಕೆಲಸಗಾರರ ಲೋಟದಲ್ಲಿ ಅರ್ಧ ನೀರಿದ್ದಷ್ಟು ದಿನವೂ ಮಿಕ್ಕ ಹಾಲು ಮ್ಯಾನೇಜರನ ಮನೆಯ ಹಿಂಬಾಗಿಲು ತಲುಪುತ್ತಿತ್ತು. ಈ ವಾರ ತಲುಪಿರಲಿಲ್ಲ. ಹೆಂಡತಿ ಆಗಲೇ ಎರಡು ಸಲ ಕೇಳಿದ್ದಳು.

ಮ್ಯಾನೇಜರ್ ಗಂಟಲು ಸರಿಮಾಡಿಕೊಂಡ. "ಹಾಲು ಚೆನ್ನಾಗೇ ಇರಬಹುದು. ಆದ್ರೆ ನಮಗೆ ಕೆಲಸಗಾರರ ಆರೋಗ್ಯ ಮುಖ್ಯ. ನಾಳೆಯಿಂದ ಹಾಲಿನ ಜವಾಬ್ದಾರಿ ಮತ್ತೆ ಇವರದ್ದೇ. ನೀನು ಹೊರಡು ತಾಯಿ."

"ಈ ಕೆಲಸ ನಂಬ್ಕೊಂಡು ಮಗಳನ್ನ ಕಟ್ಕೊಂಡು ಮನೆ ಬಿಟ್ಟು ಬಂದಿದೀನಿ ಸಾರ್. ನಾನ್ ಮಾಡಿದ ತಪ್ಪಾದ್ರೂ ಏನು, ಹೇಳಿ."

"ತಪ್ಪಲ್ಲಮ್ಮಾ. ಕೈಗುಣ. ಅದು ಎಲ್ಲರಿಗೂ ಬರಲ್ಲ."

ಥೂ! ಎಲ್ಲ ತಿಳಿದ ಡಾಕ್ಟರೂ ಬ್ಯಾಗ್ ಎತ್ತಿಕೊಂಡು ಜಾಗ ಖಾಲಿ ಮಾಡಿದರು. ಇವಳು ಅತ್ತು ಕಾಲಿಗೆ ಬೀಳುತ್ತಾಳೆಂದು ಉಳಿದಿಬ್ಬರು ಕಾದರು. ಅವಳು ಕೈ ಒರೆಸಿಕೊಂಡಳು. ತೊಳೆದ ಹಂಡೆಯನ್ನು ನಲ್ಲಿಯ ಕೆಳಗೆ ಎಳೆದು, ನಲ್ಲಿಯನ್ನು ಪೂರ್ತಿ ತಿರುಗಿಸಿದಳು. ನೀರು ಭೋರೆಂದು ಸುರಿಯತೊಡಗಿತು.

"ಇಲ್ಲಿದೆ ನೋಡಿ ಸಾರ್, ಇವರ ಕೈಗುಣ," ಎಂದಳು. "ಕೆಟ್ಟು ಹೋಗದ ಹಾಗೆ ನೋಡ್ಕೊಳ್ಳಿ."